ಯಾರನ್ನೂ ಕರೆಯದ ಅಮ್ಮನ ಮಗಳು

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಬಗ್ಗೆ ಬಂದಿದ್ದ ಲೇಖನ ಓದಿದೆ, ಓದಿ ಎರಡು ದಿನ ಸುಮ್ಮನಿರೋಣ ಅಂತ ನೋಡಿದೆ, ಆಗಲಿಲ್ಲ, ಅದಕ್ಕೇ ಬರೀತಿದೀನಿ. ಅವರು ಓದಿದ್ರು, ದುಡಿದ್ರು, ತುಂಬಾ ಇಂಡಿಪೆಂಡೆಂಟ್ ಆಗ್ಬಿಟ್ರು, ಗಂಡಸೇ ಬೇಡ ಅಂದ್ರು, ಅದಕ್ಕೇ ಅಲ್ಲಿ ಮದುವೆಗಳು ನಿಲ್ತಿಲ್ಲ ಅನ್ನೋ ಥರ ಬರೆದಿದ್ದಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಾಗಾಯ್ತು ಇದು. ಅಲ್ಲಿ ಕಪ್ಪು ವಿದ್ಯಾರ್ಥಿಗಳು ಪಡೆಯೋ ಡಿಗ್ರಿಗಳಲ್ಲಿ ಸುಮಾರು ಮೂರನೇ ಎರಡು ಭಾಗ ಹೆಣ್ಣುಮಕ್ಕಳದ್ದೇ ಅನ್ನೋದು ನಿಜ, ಆದ್ರೆ ಅದರಿಂದ ನೇರವಾಗಿ ಮನೆ ಒಡೀತು ಅನ್ನೋ ತೀರ್ಮಾನಕ್ಕೆ ಹಾರೋದು ನನಗೆ ಒಪ್ಪಿಗೆ ಇಲ್ಲ.

ನಾನು 7 ವರ್ಷ ಅಟ್ಲಾಂಟಾದಲ್ಲಿದ್ದೆ. ಪಕ್ಕದ ಮನೆಯಲ್ಲಿ ಕಪ್ಪು ದಂಪತಿ, ಅವಳು ನರ್ಸ್, ನೈಟ್ ಶಿಫ್ಟ್ ಜಾಸ್ತಿ, ಅವನು ಏಸಿ ರಿಪೇರಿ ಕೆಲಸ, ಒಬ್ಬಳು ಮಗಳು. ಒಂದು ದಿನ ಬೆಳಗಾಗೋ ಮುಂಚೆ ಕಸ ಹೊರಗಿಡೋಕೆ ಅಂತ ಬಂದೆ, ಸಣ್ಣಗೆ ಮಳೆ, ನೋಡಿದ್ರೆ ಅವಳು ಆಸ್ಪತ್ರೆ ಬಟ್ಟೆಯಲ್ಲೇ ಕಾರಿನ ಪಕ್ಕ ಮಂಡಿಯೂರಿ ಕೂತಿದಾಳೆ, ಟೈರ್ ಪಂಕ್ಚರ್. ನಟ್ಟು ಬಿಗಿಯಾಗಿತ್ತು ಅನ್ಸುತ್ತೆ, ಎದ್ದು ಸ್ಪ್ಯಾನರ್ ಮೇಲೆ ಒಂದು ಕಾಲಿಟ್ಟು ಇಡೀ ಮೈಭಾರ ಹಾಕಿದಳು, ಅದು ಕಿರ್ ಅಂತ ಸಡಿಲ ಆಯ್ತು. ಅಷ್ಟರಲ್ಲಿ ಗಂಡ ಚಪ್ಪಲಿ ಹಾಕ್ಕೊಂಡು ಛತ್ರಿ ಹಿಡ್ಕೊಂಡು ಬಂದ. ಬೈಯಲಿಲ್ಲ, ಕಿತ್ಕೊಳ್ಳೋಕೂ ಹೋಗಲಿಲ್ಲ, ಛತ್ರಿ ಅವಳ ತಲೆ ಮೇಲೆ ಹಿಡಿದು "ನಾನು ಒಳಗೇ ಇದ್ನಲ್ಲ" ಅಂದ, ಅಷ್ಟೇ.

ಆಮೇಲೆ ಯಾವತ್ತೋ ಅವಳೇ ಹೇಳಿದಳು, ಅವನ ಆ ಮಾತು ಮನಸ್ಸಲ್ಲಿ ಹಾಗೇ ಕೂತ್ಬಿಟ್ಟಿದೆ ಅಂತ. ಅವನಿಗೆ ಬರಲ್ಲ ಅಂತಾನೋ ತಾನೇ ಮಾಡಿ ತೋರಿಸ್ಬೇಕು ಅಂತಾನೋ ಅಲ್ವಂತೆ, ಕರೀಬಹುದು ಅನ್ನೋದೇ ಅವಳಿಗೆ ಹೊಳೀಲಿಲ್ಲವಂತೆ. "ನಮ್ಮಮ್ಮ ಯಾವತ್ತೂ ಯಾರನ್ನೂ ಕರೀಲಿಲ್ಲ" ಅಂದಳು.

ಅಮ್ಮ ಯಾಕೆ ಕರೀಲಿಲ್ಲ ಅಂತ ಕೇಳಿದ್ರೆ ಕಥೆ ಅಲಬಾಮಾಕ್ಕೆ ಹೋಗುತ್ತೆ. ಅವಳ ಅಮ್ಮ ಬೆಳೆದಿದ್ದು ಅಲ್ಲಿ, 1960ರ ದಶಕದಲ್ಲಿ, ಸರ್ಕಾರದ ಸಹಾಯಧನದಲ್ಲಿ. ಆ ಮನೆ ಬಾಗಿಲಲ್ಲಿ ಸೋದರಮಾವನ ಶೂ ಕಂಡ್ರೂ ಅಜ್ಜಿ ಒಳಗೆ ಬಚ್ಚಿಡ್ತಿದ್ರಂತೆ. ಯಾಕಂದ್ರೆ 1964ರಲ್ಲಿ ಆ ರಾಜ್ಯ ಒಂದು ರೂಲ್ ಮಾಡಿತ್ತು, ತಾಯಿಗೆ ಯಾವ ಗಂಡಸಿನ ಜೊತೆ ಸಂಬಂಧ ಇದ್ರೂ ಅವನನ್ನೇ ಮಕ್ಕಳಿಗೆ ಬದಲಿ ಅಪ್ಪ ಅಂತ ಲೆಕ್ಕ ಹಾಕಿ ಮಕ್ಕಳ ಸಹಾಯಧನ ನಿಲ್ಲಿಸೋದು, ಅವನು ಒಂದು ಪೈಸೆ ಕೊಡಲಿ ಬಿಡಲಿ. ಸೆಲ್ಮಾ ಊರಲ್ಲಿ ಮಿಸೆಸ್ ಸಿಲ್ವೆಸ್ಟರ್ ಸ್ಮಿತ್ ಅಂತ ಒಬ್ಬ ವಿಧವೆ, ನಾಲ್ಕು ಮಕ್ಕಳನ್ನ ಸಾಕ್ತಿದ್ರು, ಬೆಳಗಿನ ಜಾವ 3.30ರಿಂದ ಮಧ್ಯಾಹ್ನ 12ರ ತನಕ ಹೋಟೆಲಲ್ಲಿ ಕೆಲಸ, ವಾರಕ್ಕೆ 16ರಿಂದ 20 ಡಾಲರ್. ವಾರದ ಕೊನೆಗೆ ಒಬ್ಬ ಬಂದು ಹೋಗ್ತಾನೆ ಅಂತ ಅವರ ಮಕ್ಕಳ ದುಡ್ಡು ನಿಲ್ಲಿಸಿದ್ರು, ಅವನಿಗೆ ಅವನದೇ ಹೆಂಡತಿ, 9 ಮಕ್ಕಳು ಬೇರೆ ಇದ್ರು, ಈ ಮಕ್ಕಳನ್ನ ನೋಡ್ಕೊಳ್ಳೋ ಜವಾಬ್ದಾರಿ ಕಾನೂನಿನಲ್ಲಿ ಅವನಿಗೆ ಇರ್ಲೇ ಇಲ್ಲ. ಆಯಮ್ಮ ಬಿಡಲಿಲ್ಲ, ಕೋರ್ಟಿಗೆ ಹೋದ್ರು, 1968ರಲ್ಲಿ ಸುಪ್ರೀಂ ಕೋರ್ಟ್ ಆ ರೂಲನ್ನ ಹೊಡೆದು ಹಾಕಿತು. ಅಷ್ಟರೊಳಗೆ ಆ ರಾಜ್ಯದಲ್ಲಿ ಸಹಾಯಧನ ಸಿಗೋ ಮಕ್ಕಳ ಸಂಖ್ಯೆ ಸುಮಾರು 16,000 ಕಮ್ಮಿ ಆಗಿತ್ತು.

ಈಗ ಹೇಳಿ, ಗಂಡಸು ಮನೇಲಿ ಕಂಡ್ರೆ ಮಕ್ಕಳ ಅನ್ನಕ್ಕೆ ಕಲ್ಲು ಬೀಳುತ್ತೆ ಅಂತ ಕಲಿತ ಹೆಂಗಸು ಮಗಳಿಗೆ ಏನು ಕಲಿಸ್ತಾಳೆ? ಒರಗಿದ ಗೋಡೆಯನ್ನೇ ಯಾರೋ ಬಂದು ಮತ್ತೆ ಮತ್ತೆ ಕೆಡವ್ತಾ ಇದ್ರೆ ಒರಗೋ ಅಭ್ಯಾಸನೇ ತಪ್ಪಿಹೋಗುತ್ತೆ. ಇದೇ ಕಾಲದಲ್ಲಿ, 1965ರಲ್ಲಿ, ಮೊಯ್ನಿಹನ್ ಅನ್ನೋ ಸರ್ಕಾರಿ ಅಧಿಕಾರಿ ಕಪ್ಪು ಕುಟುಂಬಗಳ ಬಗ್ಗೆ ರಿಪೋರ್ಟ್ ಬರೆದ್ರು, ಗಂಡಸರಿಗೆ ಕೆಲಸ ಇಲ್ಲ ಅನ್ನೋದನ್ನೂ ಅದರಲ್ಲಿ ಹೇಳಿದ್ರು, ಆದ್ರೆ ಜನ ನೆನಪಿಟ್ಕೊಂಡಿದ್ದು ಮನೆಗಳು ಹೆಂಗಸರ ಕೈಗೆ ಹೋಗಿವೆ ಅನ್ನೋ ಮಾತನ್ನ. ನಿಮ್ಮ ಲೇಖನದಲ್ಲೂ ಅದೇ ಮಾತು ಹೊಸ ಅಂಗಿ ಹಾಕ್ಕೊಂಡು ಬಂದಿದೆ.

ಇನ್ನೂ ಹಿಂದೆ ಹೋದ್ರೆ ಗುಲಾಮಗಿರಿಯಲ್ಲಿ ಇವರ ಮದುವೆಗೆ ಕಾನೂನಿನ ಮಾನ್ಯತೆನೇ ಇರಲಿಲ್ಲ, ಗಂಡನನ್ನ ಒಂದು ಕಡೆಗೆ ಹೆಂಡತಿಯನ್ನ ಇನ್ನೊಂದು ಕಡೆಗೆ ಮಾರಬಹುದಿತ್ತು. 1865ರಲ್ಲಿ ಬಿಡುಗಡೆ ಆದ ಮೇಲೆ ಜನ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು ಕ್ಯೂ ನಿಂತು ಮದುವೆ ರಿಜಿಸ್ಟರ್ ಮಾಡಿಸಿದ್ದು, ಕಳೆದುಹೋದ ಗಂಡ ಹೆಂಡತಿಯನ್ನ ಹುಡುಕಿ ಪೇಪರಲ್ಲಿ ಜಾಹೀರಾತು ಕೊಟ್ಟಿದ್ದು. ಇಂಥವರ ಮೊಮ್ಮಕ್ಕಳಿಗೆ ಸಂಸಾರದ ಬೆಲೆ ಗೊತ್ತಿಲ್ಲ ಅಂತ ಬರೆಯೋಕೆ ಕೈ ಹೇಗೆ ಬರುತ್ತೆ?

ಪರಸ್ಪರ ಆಸರೆ ಅಂದ್ರೆ ಏನು ಅಂತ ನೋಡ್ಬೇಕಾದ್ರೆ ನನಗೆ ನೆನಪಾಗೋದು ಲೂಸಿಲ್ ರಾಂಡಾಲ್ಫ್. ಗಂಡ ಎ. ಫಿಲಿಪ್ ರಾಂಡಾಲ್ಫ್ ಹೆಸರು ಎಲ್ಲರಿಗೂ ಗೊತ್ತು, ರೈಲಿನ ಸ್ಲೀಪರ್ ಕೋಚುಗಳಲ್ಲಿ ದುಡೀತಿದ್ದ ಕಪ್ಪು ಪೋರ್ಟರ್‌ಗಳ ಯೂನಿಯನ್ನನ್ನ 1925ರಲ್ಲಿ ಕಟ್ಟಿದವರು. ಆ ಕೋಚುಗಳನ್ನ ನಡೆಸ್ತಿದ್ದ ಪುಲ್‌ಮನ್ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ, ಅಂದ್ರೆ 12 ವರ್ಷ. ಆ ಮನುಷ್ಯನ ಕೈಯಲ್ಲಿ ದುಡ್ಡು ಇರ್ತಿದ್ದಿದ್ದೇ ಕಮ್ಮಿ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬ್ಯೂಟಿ ಸಲೂನ್ ನಡೆಸಿ, ದಿನವೆಲ್ಲಾ ನಿಂತು ಬೇರೆಯವರ ತಲೆಗೂದಲು ಮಾಡಿ ಮನೆ ನಡೆಸಿದ್ದು ಲೂಸಿಲ್, ಅವನ ಪತ್ರಿಕೆಗೂ ಅವಳ ದುಡ್ಡೇ ಹೋಗ್ತಿತ್ತು. ಅವಳು ಸ್ವತಂತ್ರಳಾ ಅವಲಂಬಿತಳಾ ಅಂತ ಕೇಳಿದ್ರೆ ನಾನು ಹೇಳೋದು, ಅವಳ ಸ್ವಂತ ಸಂಪಾದನೆ ಇತ್ತು ಅಂತಲೇ ಅವನು ಧೈರ್ಯವಾಗಿ ನಿಲ್ಲೋಕಾಯ್ತು, ಅವನು ಗೆದ್ದಿದ್ದು ಸಾವಿರಾರು ಸಂಸಾರಗಳಿಗೆ ಅನ್ನ ಆಯ್ತು. ಒಬ್ಬರನ್ನೊಬ್ಬರು ಇಂಗ್ಲಿಷಿನಲ್ಲಿ "ಬಡಿ" (Buddy), ಅಂದ್ರೆ ಗೆಳೆಯ, ಅಂತ ಕರೀತಿದ್ರಂತೆ, ಇಬ್ಬರಿಗೂ ಒಂದೇ ಹೆಸರು, ನನಗೆ ಅದು ತುಂಬಾ ಇಷ್ಟ. 1963ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರಿದ ಮೆರವಣಿಗೆ ರಾಂಡಾಲ್ಫ್ ಮುಂದಾಳತ್ವದಲ್ಲೇ ನಡೀತು, ಅದನ್ನ ನೋಡೋಕೆ ಲೂಸಿಲ್ ಇರಲಿಲ್ಲ, ಅದೇ ಏಪ್ರಿಲ್‌ನಲ್ಲಿ ತೀರಿಹೋಗಿದ್ರು.

ಹಾಗಂತ ಗಂಡಸರದ್ದು ತಪ್ಪೇ ಇಲ್ಲ ಅಂತ ನಾನು ಹೇಳಲ್ಲ. 1953ರಲ್ಲಿ ಕೊರೆಟ್ಟಾ ಸ್ಕಾಟ್ ಮಾರ್ಟಿನ್ ಲೂಥರ್ ಕಿಂಗ್‌ರನ್ನ ಮದುವೆ ಆಗುವಾಗ ಗಂಡನ ಮಾತಿಗೆ ವಿಧೇಯಳಾಗಿರ್ತೀನಿ ಅನ್ನೋದನ್ನ ಪ್ರಮಾಣದಿಂದ ತೆಗೆಸಿದ್ರು, ಆದ್ರೂ ಆಮೇಲೆ ಅವರು ಮನೆ ಮಕ್ಕಳು ಅಂತ ಇರ್ಬೇಕು ಅನ್ನೋದೇ ಕಿಂಗ್ ಅವರ ಮನಸ್ಸು. ಹೆಂಡತಿ ದುಡ್ಡು ಬೇಕು, ಅವಳ ನಿರ್ಧಾರ ಬೇಡ ಅನ್ನೋ ಗಂಡಸರು ಅಲ್ಲೂ ಇದ್ದಾರೆ, ಎಲ್ಲಾ ಕಡೆನೂ ಇದ್ದಾರೆ, ಅಂಥವನ ಜೊತೆ ಇರೋದಕ್ಕಿಂತ ಒಬ್ಬಳೇ ಇರ್ತೀನಿ ಅನ್ನೋ ಹೆಣ್ಣನ್ನ ನಾನಂತೂ ಪ್ರಶ್ನೆ ಮಾಡಲ್ಲ. ಆದ್ರೆ ಗಂಡಸರ ಕಥೆ ಅಷ್ಟಕ್ಕೇ ನಿಲ್ಲಲ್ಲ. 1986ರ ಡ್ರಗ್ಸ್ ಕಾನೂನಿನಲ್ಲಿ 5 ಗ್ರಾಂ ಕ್ರ್ಯಾಕ್‌ಗೆ, ಅಂದ್ರೆ ಕೊಕೇನಿನದ್ದೇ ಗಟ್ಟಿ ರೂಪಕ್ಕೆ, 500 ಗ್ರಾಂ ಕೊಕೇನ್ ಪುಡಿಗೆ ಸಿಗೋ ಅಷ್ಟೇ ಶಿಕ್ಷೆ, ಕನಿಷ್ಠ 5 ವರ್ಷ, 2010ರ ತನಕ ಹಾಗೇ ಇತ್ತು, ಅದರಲ್ಲಿ ಒಳಗೆ ಹೋದವರು ಬಹುತೇಕ ಕಪ್ಪು ಗಂಡಸರು. ಮನೇಲಿ ಉಳಿದವಳು ಬಾಡಿಗೆ ಕಟ್ಟಿ, ಮಕ್ಕಳನ್ನ ಸ್ಕೂಲಿಗೆ ಬಿಟ್ಟು, ಜೈಲಿಗೆ ಫೋನ್ ಮಾಡೋ ದುಡ್ಡೂ ಹೊಂದಿಸ್ತಾಳೆ. ಅವಳನ್ನ ತೋರಿಸಿ ನಿನಗೆ ಗಂಡಸು ಬೇಡ್ವಲ್ಲ ಅಂದ್ರೆ ಅದು ಅನ್ಯಾಯ.

ಪಕ್ಕದ ಮನೆ ವಿಷಯ ಇನ್ನೊಂದು ಹೇಳಿ ಮುಗಿಸ್ತೀನಿ. ಟೈರ್ ವಿಷಯ ಆಗಿ ಕೆಲವು ತಿಂಗಳಿಗೆ ಅವಳ ಶಿಫ್ಟ್ ಬದಲಾಯ್ತು, ಮಗಳು ಸ್ಕೂಲಿಗೆ ಹೊರಡೋ ಹೊತ್ತಿಗೆ ಬರೋಕಾಗ್ತಿರಲಿಲ್ಲ. ಒಂದಿನ ನಾನು ಏನೋ ಕೊಡೋಕೆ ಹೋದೆ, ಅಡುಗೆ ಮನೆಯಲ್ಲಿ ಅವನು ಸ್ಟೂಲ್ ಮೇಲೆ, ಮಗಳು ಅವನ ಮಂಡಿ ಮಧ್ಯೆ ನೆಲದ ಮೇಲೆ, ಬಾಚಣಿಗೆಯ ಚೂಪು ತುದಿಯಲ್ಲಿ ಬೈತಲೆ ತೆಗೀತಿದಾನೆ, ಅಂಗೈಯಲ್ಲಿ ಎಣ್ಣೆ, ಬಾಯಲ್ಲಿ ಎರಡು ಕ್ಲಿಪ್ಪು. ಜಡೆ ಸೊಟ್ಟ ಬಂತು, ಬಿಚ್ಚಿ ಮತ್ತೆ ಹಾಕಿದ. ಹಿಂದಿನ ರಾತ್ರಿ ಹೆಂಡತಿ ಡ್ಯೂಟಿಗೆ ಹೋಗೋ ಮುಂಚೆ ಒಂದು ಜಡೆ ಹಾಕಿ ತೋರಿಸಿದ್ದಳಂತೆ, "ಬೆಳಿಗ್ಗೆ ನೀನು ಮಾಡ್ತೀಯಾ" ಅಂತ ಅವಳೇ ಬಾಯಿಬಿಟ್ಟು ಕೇಳಿದ್ದಳಂತೆ. ಅದನ್ನ ಹೇಳುವಾಗ ಅವನ ಮುಖ ನೋಡ್ಬೇಕಿತ್ತು ನೀವು.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ