ಮಗಳಿಗೊಂದು ಪತ್ರ: ಕರಕರ ಸದ್ದಿನ ಆಚೆಗಿನ ಪಿಯಾನೊ

ಪುಟ್ಟಿ,

ನಿಮ್ಮಮ್ಮ ಹಾಸನಕ್ಕೆ, ಚಿಕ್ಕಮ್ಮನ ಮನೆಗೆ ಹೋಗಿ ಐದು ದಿನ ಆಯ್ತು. ಅಡುಗೆ ನನ್ನದೇ. ಮನೆ ಭಣಭಣ ಅನ್ನುತ್ತೆ ಅಂತ ನೀನು ಬಿಟ್ಟುಹೋದ ಸ್ಪೀಕರ್ ಹಚ್ಚಿಕೊಂಡು ಕೂರುತ್ತೇನೆ. ಈ ವಾರವೆಲ್ಲ ಒಂದೇ ರೆಕಾರ್ಡಿಂಗ್, ಒಂದು ಪಿಯಾನೊ ಕನ್ಸರ್ಟೊ, ಅಂದರೆ ಇಡೀ ಆರ್ಕೆಸ್ಟ್ರಾ ಜೊತೆ ಒಬ್ಬರು ಪಿಯಾನೊ ನುಡಿಸುವ ರಚನೆ. ನಿನಗೆ ಹೇಳದೆ ಸಮಾಧಾನವಿಲ್ಲ.

ಬರೆದವರು ನಿಕೊಲಾಯ್ ಮೆಟ್ನರ್. ರಷ್ಯಾದವರು. ನಿನಗೆ ಸಂಗೀತಕಾರ ರಖ್ಮಾನಿನೊವ್ ಅಂದರೆ ಇಷ್ಟ ಅಲ್ವಾ, ಅವರ ಆಪ್ತ ಗೆಳೆಯ. ರಖ್ಮಾನಿನೊವ್ ತಮ್ಮ ನಾಲ್ಕನೇ ಪಿಯಾನೊ ಕನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರು, ಮೆಟ್ನರ್ ತಮ್ಮ ಎರಡನೆಯದನ್ನು ಅವರಿಗೆ. ಮೆಟ್ನರ್ ತಮ್ಮ ಮೂರನೆಯದನ್ನು ಯಾರಿಗೆ ಅರ್ಪಿಸಿದರು ಗೊತ್ತಾ? ಮೈಸೂರು ಮಹಾರಾಜರಿಗೆ. ನಮ್ಮ ಜಯಚಾಮರಾಜೇಂದ್ರ ಒಡೆಯರಿಗೆ!

ಶಾಲೆಯ ಸ್ಪರ್ಧೆಗೆ ಅಂತ ನೀನು ಗಂಭೀರನಾಟದ ಕೃತಿ ಕಲಿತಿದ್ದೆಯಲ್ಲ, ಅದನ್ನು ಕಟ್ಟಿದವರೇ ಇವರು. ಇವರದು ಒಟ್ಟು 94 ಕೃತಿಗಳು. ಆದರೆ ಪಿಯಾನೊ ಹುಚ್ಚು ಅದಕ್ಕೂ ಹಳೆಯದು. 1940ರ ಮಾರ್ಚಿನಲ್ಲಿ ತಂದೆ ಹೋದರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು. 21 ವರ್ಷಕ್ಕೇ ಪಟ್ಟ ತಲೆಮೇಲೆ ಬಂತು. ಆದರೂ ಪಿಯಾನೊ ಬಿಡಲಿಲ್ಲ.

ಆ ಹೊತ್ತಿಗೆ ಮೆಟ್ನರ್ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ಸಂಸಾರ ಹೂಡಿದ್ದರು. ಯುದ್ಧ ಶುರುವಾದದ್ದೇ ಜರ್ಮನಿಯ ಪ್ರಕಾಶಕರ ಹಣ ನಿಂತುಹೋಯಿತು. ಬಾಂಬಿನ ಕಾಟಕ್ಕೆ ಲಂಡನ್ ಬಿಟ್ಟು, ಶಿಷ್ಯೆಯ ಆಸರೆಯಲ್ಲಿ ವಾರ್ವಿಕ್‌ಶೈರ್‌ನಲ್ಲಿದ್ದಾಗ ಬರೆದು ಮುಗಿಸಿದ್ದು ಈ ಮೂರನೇ ಕನ್ಸರ್ಟೊ. ಸುತ್ತ ಜಗತ್ತೇ ಬದಲಾಗಿದ್ದರೂ ಮನುಷ್ಯ ಮಾತ್ರ ಐವತ್ತು ವರ್ಷ ಹಿಂದಿನ ರೀತಿಯಲ್ಲೇ ಬರೆಯುತ್ತಿದ್ದ. ಹೊಸ ಸಂಗೀತ ದಾರಿ ತಪ್ಪಿದೆ ಅಂತ 1935ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದ ಹಟವಾದಿ.

ಮೆಟ್ನರ್ ಸಂಗೀತವನ್ನು ರೆಕಾರ್ಡ್ ಮಾಡಲು ಮಹಾರಾಜರ ದುಡ್ಡಿನಲ್ಲಿ ಮೆಟ್ನರ್ ಸೊಸೈಟಿ ಅಂತ ಒಂದು ಆಯಿತು. ನಾಯಿ ಗುರುತಿನ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ ಗ್ರಾಮಫೋನ್ ಪ್ಲೇಟುಗಳನ್ನು ತಂದಿತು. 1947ರಲ್ಲಿ ಮೂರನೇ ಕನ್ಸರ್ಟೊ ರೆಕಾರ್ಡ್ ಆಯಿತು. ಆರ್ಕೆಸ್ಟ್ರಾ ಫಿಲ್‌ಹಾರ್ಮೋನಿಯಾ, ನಡೆಸಿದವರು ಇಸ್ಸಾಯ್ ಡೊಬ್ರೊವೆನ್, ಪಿಯಾನೊಗೆ ಕೂತವರು ಮೆಟ್ನರೇ. ಆಗ ಅವರಿಗೆ 67, ಹೃದಯದ ತೊಂದರೆ ಬೇರೆ. ಅದೇ ವರ್ಷ ಇಲ್ಲಿ ಜನರ ಸರ್ಕಾರ ಬೇಕು ಅಂತ ‘ಮೈಸೂರು ಚಲೋ’ ಚಳವಳಿ ನಡೆದಿತ್ತು. ನಿಮ್ಮ ತಾತ ಅದರಲ್ಲಿ ಓಡಾಡಿದವರು. ಅರಮನೆಯ ದುಡ್ಡು ಯಾರದೋ ಪಿಯಾನೊಗೆ ಹೋಯಿತು ಅಂತ ತಿಳಿದಿದ್ದರೆ ಕೆರಳುತ್ತಿದ್ದರು. ಅವರ ಕೋಪವೂ ಸುಮ್ನೆ ಅಲ್ಲ ಬಿಡು.

ನಿಜ ಹೇಳ್ತೀನಿ, ನಾನು ಕೇಳಲು ಕೂತದ್ದು ಊರಿನ ಅಭಿಮಾನಕ್ಕೆ. ಮೊದಲ ದಿನ ಏನೂ ಹತ್ತಲಿಲ್ಲ. ರಖ್ಮಾನಿನೊವ್ ಆದರೆ ಒಂದು ರಾಗ ಕೈಗೆ ಕೊಡುತ್ತಾರೆ, ಸ್ನಾನ ಮಾಡುವಾಗಲೂ ಗುನುಗಬಹುದು. ಇವರು ಕೊಡುವುದಿಲ್ಲ. ಕೊಟ್ಟ ಎಳೆಯನ್ನು ಅಲ್ಲೇ ಇನ್ನೊಂದಕ್ಕೆ ಹೆಣೆದುಬಿಡುತ್ತಾರೆ. ಮೇಲೆ ಹಳೇ ಪ್ಲೇಟಿನ ಕರಕರ, ಒಗ್ಗರಣೆ ಸಿಡಿದ ಹಾಗೆ.

ಆಮೇಲೆ ಇದರ ಕತೆ ಓದಿದೆ. ರಷ್ಯಾದ ಕವಿ ಲೆರ್ಮಂಟೊವ್‌ನ ಒಂದು ಪದ್ಯ ಇದಕ್ಕೆ ಮೂಲ. ಬೆಳದಿಂಗಳಲ್ಲಿ ನೀರಕನ್ಯೆ ಹೊಳೆಯಲ್ಲಿ ಈಜುತ್ತಾಳೆ, ಚಂದ್ರನಿಗೇ ನೊರೆ ಎರಚಲು ನೋಡುತ್ತಾಳೆ. ಹೊಳೆಯ ತಳದಲ್ಲಿ ಒಬ್ಬ ವೀರ ಮಲಗಿದ್ದಾನೆ. ಎಷ್ಟು ಮುದ್ದಿಟ್ಟರೂ ಏಳುವುದಿಲ್ಲ. ಪದ್ಯದಲ್ಲಿ ಅಷ್ಟೇ. ಮೆಟ್ನರ್ ಮಾತ್ರ ಕೊನೆಯ ಭಾಗದಲ್ಲಿ ಅವನನ್ನು ಎಬ್ಬಿಸುತ್ತಾರೆ. ಸ್ವರಲಿಪಿಯಲ್ಲೇ ‘ಎಚ್ಚರಗೊಳ್ಳುತ್ತಾ’ ಅಂತ ಬರೆದಿದ್ದಾರೆ.

ಮರುದಿನ ಇದನ್ನು ತಲೆಯಲ್ಲಿಟ್ಟುಕೊಂಡು ಕೂತೆ. ಮೊದಲ ಭಾಗದಲ್ಲಿ ಪಿಯಾನೊ ನೀರಿನ ಹಾಗೆ ಸುಳಿಸುಳಿಯಾಗಿ ಹೋಗುತ್ತದೆ. ಕೆಳಗೆ ತಂತಿವಾದ್ಯಗಳು, ತಳದ ಕೆಸರಿನಷ್ಟು ಮಂದ. ನಡುವಿನ ಭಾಗ ತೀರಾ ಪುಟ್ಟದು, ಗುಟ್ಟು ಹೇಳಿದ ಹಾಗೆ. ಅಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ, ಕುಕ್ಕರ್ ಕೂಗಿತು! ಒಂದು, ಎರಡು. ಮೂರನೇ ಕೂಗಿಗೆ ಸರಿಯಾಗಿ ಕೊನೆಯ ಭಾಗ ಧಡಕ್ಕನೆ ಎದ್ದಿತು. ಲೆರ್ಮಂಟೊವ್‌ನ ವೀರ ನಮ್ಮನೆ ಬೇಳೆಗೆ ಎಚ್ಚರವಾದ. ನಗುತ್ತಾ ಹೋಗಿ ಗ್ಯಾಸ್ ಆರಿಸಿ ಬಂದೆ, ಮತ್ತೆ ಮೊದಲಿಂದ ಹಾಕಿದೆ.

ಹೊಸ ರೆಕಾರ್ಡಿಂಗೂ ಕೇಳಿದೆ. ಡೆಮಿಡೆಂಕೊ ಅನ್ನುವವರದು, ಬಿಬಿಸಿ ಸ್ಕಾಟಿಷ್ ಆರ್ಕೆಸ್ಟ್ರಾ ಜೊತೆ. ಎಲ್ಲ ನಿಚ್ಚಳ, ಕೊಳಲೂ ಕ್ಲಾರಿನೆಟ್ಟೂ ಬಿಡಿಬಿಡಿಯಾಗಿ ಕೇಳುತ್ತವೆ. ಮೊದಲ ಸಲ ಕೇಳುವವರಿಗೆ ಅದೇ ಸರಿ. ನಾನು ಮಾತ್ರ ಕರಕರಕ್ಕೇ ವಾಪಸ್ ಬಂದೆ. ಹೊಸದರಲ್ಲಿ ಹೊಳೆ ಚೆಂದ. ಹಳೆಯದರಲ್ಲಿ ಮುದುಕ ಎಲ್ಲೂ ಆತುರ ಪಡುವುದಿಲ್ಲ. ಜೋರಾಗಿ ಬಾರಿಸಬಹುದಾದ ಜಾಗದಲ್ಲೂ ತಡೆದು ನುಡಿಸುತ್ತಾರೆ. ಒಂದು ಪ್ಲೇಟಿನ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಅಷ್ಟೇ ಹಿಡಿಸುತ್ತಿತ್ತು. ಅರ್ಧ ಗಂಟೆಗೂ ಮೀರಿದ ಸಂಗೀತವನ್ನು ಹಾಗೆ ತುಂಡು ತುಂಡಾಗಿ ನುಡಿಸುತ್ತಾ ಓಟ ಕೆಡದಂತೆ ನೋಡಿಕೊಂಡಿದ್ದಾರಲ್ಲ, ಅದಕ್ಕೆ ಬೆರಗಾದೆ.

ಇದಾಗಿ ನಾಲ್ಕು ವರ್ಷಕ್ಕೆ, 1951ರ ನವೆಂಬರಿನಲ್ಲಿ, ಅವರು ಲಂಡನ್ನಿನಲ್ಲೇ ತೀರಿಕೊಂಡರು.

ನೀನಿರುವ ಲಂಡನ್ನಿನ ಮೆಟ್ರೋ, ಆ ನಾರ್ದರ್ನ್ ಲೈನ್ ಮ್ಯಾಪ್ ನೋಡಿದೆ. ಗೋಲ್ಡರ್ಸ್ ಗ್ರೀನ್ ಅದರಲ್ಲೇ ಇದೆ. ಒಂದು ಭಾನುವಾರ ಹೆಡ್‌ಫೋನ್ ಹಾಕಿಕೊಂಡು ಅಲ್ಲಿ ಇಳಿದು ಸುಮ್ನೆ ಓಡಾಡಿ ಬಾ. ಮೊದಲು ಡೆಮಿಡೆಂಕೊ ಕೇಳು, ಆಮೇಲೆ ಹಳೆಯದು. ಬೇಜಾರಾದರೆ ಅದನ್ನೂ ಹೇಳು, ಜಗಳ ಆಡೋಣ. ಅಮ್ಮ ಶನಿವಾರ ಬರುತ್ತಾಳೆ. ಕುಕ್ಕರ್ ತಳ ಹಿಡಿದದ್ದು ಅವಳಿಗೆ ಹೇಳಬೇಡ.

ನಿನ್ನ
ಅಪ್ಪ