ನಮ್ಮ ಬಗ್ಗೆ ಮಾಡಿದ ಅಧ್ಯಯನಗಳನ್ನು ನಮ್ಮ ಮುಂದಿಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಸಾದರ ವಂದನೆಗಳು.

ಹುಬ್ಬಳ್ಳಿಯ ಹಳೆಯ ಓಣಿಯೊಂದರಲ್ಲಿ ವಾಸವಾಗಿರುವ, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನಿಮ್ಮ ಮತದಾರಳು ನಾನು. ಈ ಸಲ ನೀರು ಕೇಳುತ್ತಿಲ್ಲ. ಅದನ್ನು ಕೇಳಿ ಕೇಳಿ ನಮಗೂ, ಕೇಳಿಸಿಕೊಂಡು ನಿಮಗೂ ರೂಢಿಯಾಗಿಹೋಗಿದೆ. ನಮ್ಮ ನೀರಿನ ಬಗ್ಗೆ ನಮ್ಮ ಮನೆಬಾಗಿಲಿಗೇ ಬಂದು, ನಮ್ಮನ್ನೇ ಕೇಳಿ ಬರೆದುಕೊಂಡು ಹೋದ ಸಮೀಕ್ಷೆ, ಅಧ್ಯಯನ, ಮೌಲ್ಯಮಾಪನಗಳಲ್ಲಿ ಕಂಡುಬಂದದ್ದೇನು ಎಂಬುದನ್ನು ಕನ್ನಡದಲ್ಲಿ ಬರೆಸಿ ವಾರ್ಡ್ ಸಭೆಯ ಮುಂದಿಡಿ. ಅದರಲ್ಲಿ ಯಾವುದನ್ನು ಒಪ್ಪಿ ಯೋಜನೆ ಮಾಡಲಾಯಿತು, ಯಾವುದನ್ನು ಬದಿಗಿಡಲಾಯಿತು ಎಂಬುದಕ್ಕೆ ಕಾರಣ ಕೊಡಿಸಿ. ನನ್ನ ಬೇಡಿಕೆ ಇಷ್ಟೇ.

ಹಿನ್ನೆಲೆ ನಿಮಗೆ ತಿಳಿದದ್ದೇ. 2004ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಶುರುವಾದ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಭಾಗಗಳಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಕೊಟ್ಟು ತೋರಿಸಲಾಯಿತು. ಅವುಗಳಿಗೆ ಪ್ರಾತ್ಯಕ್ಷಿಕೆ ವಲಯಗಳೆಂದು ಹೆಸರು. ನಮ್ಮ ಅವಳಿ ನಗರದಲ್ಲಿ ಜನಸಂಖ್ಯೆಯ ಸುಮಾರು ಹತ್ತನೆಯ ಒಂದು ಭಾಗಕ್ಕೆ ಆ ಭಾಗ್ಯ ಸಿಕ್ಕಿತು. ಉಳಿದ ಒಂಬತ್ತು ಭಾಗದವರು ಪ್ರಾತ್ಯಕ್ಷಿಕೆ ನೋಡುವವರಾದೆವು. 2016ರಲ್ಲಿ ಅದನ್ನು ಇಡೀ ನಗರಕ್ಕೆ ವಿಸ್ತರಿಸಲೆಂದು ವಿಶ್ವಬ್ಯಾಂಕ್ ಮತ್ತೆ 10 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು.

ಈ ಎರಡು ಸಾಲಗಳ ನಡುವೆ ನಡೆದ ಒಂದು ಸಂಗತಿ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು 2010ರ ಕೊನೆಯಿಂದ 2012ರ ಆರಂಭದವರೆಗೆ ನಮ್ಮದೇ ನಗರದಲ್ಲಿ, ಐದು ವರ್ಷದೊಳಗಿನ ಮಗುವಿರುವ ನಾಲ್ಕು ಸಾವಿರದ ಹತ್ತಿರ ಹತ್ತಿರ ಮನೆಗಳಿಗೆ ಮತ್ತೆ ಮತ್ತೆ ಹೋಗಿ, ಸದಾ ನೀರು ಬರುವ ವಾರ್ಡುಗಳನ್ನೂ ಕೆಲವು ದಿನಕ್ಕೊಮ್ಮೆ ಬರುವ ನೀರಿಗೆ ಕಾಯುವ ವಾರ್ಡುಗಳನ್ನೂ ಹೋಲಿಸಿ ನೋಡಿದರು. ಫಲಿತಾಂಶ 2015ರಲ್ಲಿ ‘ಪ್ಲಾಸ್ ಮೆಡಿಸಿನ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾರು ಬೇಕಾದರೂ ಹಣ ಕೊಡದೆ ಓದಬಹುದು, ಇಂಗ್ಲಿಷ್ ಬಂದರೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ರಜೆಗೆ ಬಂದಾಗ ಅದನ್ನು ನನಗೆ ಓದಿ ಹೇಳಿದ. ಒಟ್ಟಾರೆ ಮಕ್ಕಳ ಭೇದಿಯಲ್ಲಾಗಲೀ ತೂಕದಲ್ಲಾಗಲೀ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲವಂತೆ. ಆದರೆ ಸದಾ ನೀರು ಬರುವ ಕಡೆ ಟೈಫಾಯ್ಡ್ ಕಾಣಿಸಿಕೊಂಡ ಮನೆಗಳು ಶೇ. 42ರಷ್ಟು ಕಡಿಮೆ, ಬಡವರ ಮನೆಗಳಲ್ಲಿ ರಕ್ತಭೇದಿ ಶೇ. 37ರಷ್ಟು ಕಡಿಮೆ. ಅಂದರೆ ರಕ್ತಭೇದಿಯ ಮಟ್ಟಿಗೆ ಲಾಭ ಸ್ಪಷ್ಟವಾಗಿ ಕಂಡದ್ದು ಬಡವರ ಮನೆಯಲ್ಲಿ. ಹಾಗಾದರೆ ಇಡೀ ನಗರಕ್ಕೆ ವಿಸ್ತರಿಸುವಾಗ ಮೊದಲು ಯಾವ ವಾರ್ಡು, ಆಮೇಲೆ ಯಾವ ವಾರ್ಡು ಎಂಬ ಸರದಿಯನ್ನು ನಿರ್ಧರಿಸಿದವರು ಈ ಫಲಿತಾಂಶವನ್ನು ಮೇಜಿನ ಮೇಲಿಟ್ಟುಕೊಂಡಿದ್ದರೇ? ಇಟ್ಟುಕೊಂಡಿದ್ದರೆ ಆ ಟಿಪ್ಪಣಿಯನ್ನು ತೋರಿಸಿ. ಇಲ್ಲವಾದರೆ ಇಲ್ಲವೆಂದು ಹೇಳಿ.

ಆತ ಓದಿ ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಅದೇ ವಿಶ್ವವಿದ್ಯಾಲಯದವರು ಇದೇ ಊರಿನ ನಳಗಳ ನೀರನ್ನು ಪರೀಕ್ಷಿಸಿ, ಬಿಟ್ಟು ಬಿಟ್ಟು ನೀರು ಬರುವ ಪೈಪುಗಳಲ್ಲಿ ಮೊದಲ ಕೆಲವು ನಿಮಿಷದ ನೀರೇ ಹೆಚ್ಚು ಕೊಳಕು ಎಂದು 2014ರಲ್ಲಿ ಪ್ರಕಟಿಸಿದ್ದರು. ಮೊದಲು ಬರುವ ಕೆಂಪು ನೀರನ್ನು ಚೆಲ್ಲಬೇಕೆಂಬುದು ನಮ್ಮ ಹೆಂಗಸರಿಗೆ ಹೊಸದೇನಲ್ಲ. ಆದರೆ ಬೇಸಿಗೆಯಲ್ಲಿ ಎಂಟು ದಿನಕ್ಕೊಮ್ಮೆ ನಳ ಬಂದಾಗ, ಎಷ್ಟು ಹೊತ್ತು ಬರುತ್ತದೆಂಬ ಭರವಸೆಯೇ ಇಲ್ಲದಿರುವಾಗ, ಯಾರು ತಾನೇ ಮೊದಲ ಕೊಡವನ್ನು ಚೆಲ್ಲುತ್ತಾರೆ? ‘ಮೊದಲ ಹತ್ತು ನಿಮಿಷದ ನೀರನ್ನು ಕುಡಿಯಬೇಡಿ, ಬಳಸಲು ಇಟ್ಟುಕೊಳ್ಳಿ’ ಎಂದು ನೀರಿನ ಬಿಲ್ಲಿನ ಹಿಂಬದಿಗೆ ಒಂದು ಸಾಲು ಅಚ್ಚು ಹಾಕಿಸಲು ಯಾವ ಸಾಲವೂ ಬೇಕಿರಲಿಲ್ಲ. ಬಿಲ್ಲಿನ ಹಿಂಬದಿ ಇಂದಿಗೂ ಖಾಲಿ ಇದೆ.

ನಮ್ಮ ಮನೆಯ ಸ್ಥಿತಿಯನ್ನು ಹೇಳದೆ ಇರಲಾರೆ. ಯಜಮಾನರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ನಳ ಬರುವುದು ರಾತ್ರಿ ಎರಡಕ್ಕೋ ಮೂರಕ್ಕೋ. ಅಂಗಳದ ತಗ್ಗಿನಲ್ಲಿರುವ ನಳದಿಂದ ಕೊಡ ತುಂಬಿ, ಅಡುಗೆಮನೆಯಲ್ಲೊಂದು, ಬಚ್ಚಲಲ್ಲೊಂದು, ದೇವರ ಕೋಣೆಯ ಬಾಗಿಲಿಗೊಂದು ಇಟ್ಟಿರುವ ಬ್ಯಾರಲ್‌ಗಳಿಗೆ ಸುರಿಯುವವಳು ನಾನೊಬ್ಬಳೇ. ಮಗಳು ಬಾಣಂತನಕ್ಕೆ ಬಂದಾಗ ಬಾಣಂತಿಯ ನೀರಿಗಾಗಿ ಟ್ಯಾಂಕರಿನವರ ಮುಂದೆ ನಿಂತದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ; ನಾಚಿಕೆ ಪಡಬೇಕಾದವರು ಬೇರೆಯವರಿದ್ದರೂ ಸಹ. ಎದುರುಮನೆಯ ಬಾಡಿಗೆದಾರರ ಹುಡುಗ ಟೈಫಾಯ್ಡ್ ಆಗಿ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ತಪ್ಪಿಸಿಕೊಂಡ. ಅದು ನೀರಿನಿಂದಲೇ ಬಂತೆಂದು ಹೇಳಲು ನಾನು ವೈದ್ಯಳಲ್ಲ. ಶೇ. 42 ಎಂಬ ಅಂಕಿಯನ್ನು ಕೇಳಿದಾಗ ನನ್ನ ಕಣ್ಣ ಮುಂದೆ ಬಂದವನು ಮಾತ್ರ ಆ ಹುಡುಗನೇ.

ಇನ್ನು, ನನ್ನನ್ನು ಪತ್ರ ಬರೆಯಲು ಕೂರಿಸಿದ ಘಟನೆ. ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ಟ್ಯಾಬ್ ಹಿಡಿದು ನಮ್ಮ ಓಣಿಗೆ ಬಂದ. ಯಾವ ಸಂಸ್ಥೆಯವನೆಂದು ಬರೆಯುವುದಿಲ್ಲ. ದಿನಕ್ಕೆ ಇಷ್ಟು ಮನೆ ಮುಗಿಸಿದರೆ ಇಷ್ಟು ಕೂಲಿ ಎಂದು ದುಡಿಯುವವನ ಅನ್ನಕ್ಕೆ ಕಲ್ಲು ಹಾಕುವ ಇಚ್ಛೆ ನನಗಿಲ್ಲ. ಪಕ್ಕದ ಮನೆಯ ಅಜ್ಜಿಗೆ ಓದು ಬಾರದ್ದರಿಂದ ನಾನೂ ಜೊತೆಗೆ ಕುಳಿತೆ. ‘ದಿನಕ್ಕೆ ಎಷ್ಟು ತಾಸು ನೀರು ಬರ್ತಾವ್ರಿ?’ ಎಂಬುದು ಪ್ರಶ್ನೆ. ‘ದಿನಾ ಎಲ್ಲಿ ಬರ್ತಾವೋ ಯಪ್ಪಾ, ಎಂಟು ದಿನಕ್ಕೊಮ್ಮೆ ಮೂರು ತಾಸು, ಅದೂ ನಡುರಾತ್ರಿ’ ಎಂದು ಅಜ್ಜಿ ಹೇಳಿದಳು. ಹುಡುಗ ಸೊನ್ನೆ ಒತ್ತಿದ. ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಮುಂದಿನ ಪ್ರಶ್ನೆ ತೆರೆಯಲಿಲ್ಲ. ಮತ್ತೆ ಒತ್ತಿದ, ಮತ್ತೆ ಕೆಂಪು. ‘ಸೊನ್ನೆ ತಗೊಳ್ಳೂದಿಲ್ರಿ ಅಜ್ಜಿ ಇದು. ಒಂದು ಹಾಕ್ಲೇನ್ರಿ?’ ಎಂದು ಕೇಳಿದ. ಅಜ್ಜಿ ನಕ್ಕು, ‘ಹಾಕೋ ತಮ್ಮಾ, ನೀ ಹಾಕಿದ ಮ್ಯಾಲರ ಬರ್ತಾವೇನು ನೋಡೂಣು’ ಎಂದಳು.

ಅವನು ಒಂದು ಎಂದು ಹಾಕಿದ. ಎಂಟು ದಿನಕ್ಕೆ ಮೂರು ಗಂಟೆ ಎಂದರೆ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ. ಅದೇ ಟ್ಯಾಬಿನೊಳಗೆ ಅರವತ್ತು ನಿಮಿಷವಾಯಿತು. ಅದಕ್ಕಿಂತ ಹೆಚ್ಚಾಗಿ, ‘ದಿನಕ್ಕೆ’ ಎಂಬ ಪ್ರಶ್ನೆಯೇ ನಮ್ಮ ಓಣಿಯದಲ್ಲ. ಪ್ರತಿದಿನ ನೀರು ಬರುವ ಊರಿನಲ್ಲಿ ಕುಳಿತು ಯಾರೋ ಬರೆದ ಪ್ರಶ್ನೆ ಅದು. ಅಜ್ಜಿಯ ಉತ್ತರಕ್ಕೆ ಆ ಯಂತ್ರದಲ್ಲಿ ಜಾಗವೇ ಇರಲಿಲ್ಲ. ‘ಈ ಉತ್ತರ ಸರಿಯಲ್ಲ ಎಂದು ಮೇಲಿನವರಿಗೆ ತಿಳಿಸುತ್ತೀಯಾ?’ ಎಂದು ಕೇಳಿದೆ. ‘ನಮಗ ಅಪ್‌ಲೋಡ್ ಮಾಡೂದಷ್ಟರಿ ಟೀಚರ್’ ಎಂದ.

ಅದಾದ ಕೆಲವು ತಿಂಗಳಿಗೆ ಒಂದು ಹೋಟೆಲಿನ ಸಭಾಂಗಣದಲ್ಲಿ ‘ಭಾಗೀದಾರರ ಸಮಾಲೋಚನೆ’ ನಡೆಯಿತು. ನಿವೃತ್ತ ಶಿಕ್ಷಕಿ ಎಂದು ನನ್ನನ್ನೂ ಕರೆದಿದ್ದರು. ಒಳಗೆ ಹೋಗುವ ಮೊದಲೇ ಹಾಜರಿ ಹಾಳೆಗೆ ಸಹಿ ಹಾಕಿಸಿಕೊಂಡರು. ಇಂಗ್ಲಿಷಿನಲ್ಲಿ ಸ್ಲೈಡುಗಳು ಓಡಿದವು. ಒಂದರಲ್ಲಿ ವಾರ್ಡುವಾರು ‘ದಿನಕ್ಕೆ ಸರಾಸರಿ ನೀರು ಪೂರೈಕೆಯ ಗಂಟೆಗಳು’ ಎಂಬ ಕಂಬಚಿತ್ರವಿತ್ತು. ನಾನು ಎದ್ದು ನಿಂತು, ಈ ಪ್ರಶ್ನಾವಳಿ ಸೊನ್ನೆಯನ್ನು ತೆಗೆದುಕೊಳ್ಳುತ್ತಿರಲಿಲ್ಲ ಎಂದೆ. ಪ್ರಶ್ನೆಗಳು ಊಟದ ನಂತರ ಎಂದರು. ಊಟ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಊಟದ ನಂತರ ವೇದಿಕೆಯ ಮೇಲೆ ಉಳಿದದ್ದು ಮಾತ್ರ ನೀರಿನ ಬಾಟಲಿಗಳು. ನಮ್ಮೆಲ್ಲರ ಸಹಿಯ ಹಾಳೆ ವರದಿಯ ಅನುಬಂಧಕ್ಕೆ ಸೇರಿತಂತೆ. ವರದಿಯ ಪ್ರತಿ ಕೇಳಿ ಹೋದರೆ ಒಂದು ಕಚೇರಿಯವರು ಬೆಂಗಳೂರಿಗೆ ಕೈ ತೋರಿಸಿದರು, ಬೆಂಗಳೂರಿನವರು ಸಾಲ ಕೊಟ್ಟವರ ಕಡೆಗೆ ಕೈ ತೋರಿಸಿದರು. ಸಾಲ ತೀರಿಸುವವರು ಯಾರು ಎಂದು ನಾನು ಕೇಳಲಿಲ್ಲ.

ನೀವು ತಪ್ಪು ತಿಳಿಯಬಾರದು. ಸಂಶೋಧಕರ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ಸಾವಿರ ಮನೆಗಳ ಬಾಗಿಲು ಬಡಿದು, ತಮಗೆ ಅನುಕೂಲವಲ್ಲದ ಫಲಿತಾಂಶವನ್ನೂ ಮುಚ್ಚಿಡದೆ ಬರೆದವರನ್ನು ಗೌರವಿಸುತ್ತೇನೆ. ನನ್ನ ತಕರಾರು ಅಲ್ಲಿಂದ ಮುಂದಿನ ದಾರಿಯ ಬಗ್ಗೆ. ಅಧ್ಯಯನ ಪತ್ರಿಕೆಗೆ ಹೋಗುತ್ತದೆ, ವರದಿ ಸಾಲ ಕೊಟ್ಟವರಿಗೆ ಹೋಗುತ್ತದೆ, ತೀರ್ಮಾನ ಟೆಂಡರಿಗೆ ಹೋಗುತ್ತದೆ. ಇವು ಮೂರೂ ಒಂದೆಡೆ ಕೂಡುವ ಜಾಗ ಎಲ್ಲೂ ಇಲ್ಲ. ಇದು ನಮ್ಮೂರಿನ ಹಣೆಬರಹ ಮಾತ್ರವಲ್ಲ. ವಿಶ್ವಬ್ಯಾಂಕಿನ ತಜ್ಞರೇ 2014ರಲ್ಲಿ ತಮ್ಮ ಸಂಸ್ಥೆಯ ಸಾವಿರದ ಆರುನೂರಕ್ಕೂ ಹೆಚ್ಚು ವರದಿಗಳನ್ನು ಲೆಕ್ಕ ಹಾಕಿ, ಅವುಗಳಲ್ಲಿ ಮೂರನೆಯ ಒಂದು ಭಾಗದಷ್ಟನ್ನು ಯಾರೂ ಒಮ್ಮೆಯೂ ಡೌನ್‌ಲೋಡ್ ಮಾಡಿಕೊಂಡಿಲ್ಲವೆಂದು ಬರೆದರು. (ಅದನ್ನು ಹೇಳಲೂ ಒಂದು ವರದಿಯೇ ಬೇಕಾಯಿತು.) ಅದಕ್ಕೂ ಮೊದಲು, 2006ರಲ್ಲಿ, ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ನೇತೃತ್ವದ ಸಮಿತಿ ಬ್ಯಾಂಕಿನ ಸಂಶೋಧನೆಯನ್ನು ಪರಿಶೀಲಿಸಿ, ತನ್ನ ನೀತಿಗೆ ಒಗ್ಗುವ ಫಲಿತಾಂಶಗಳನ್ನು ಮುಂದೆ ಮಾಡಿ ಒಗ್ಗದವನ್ನು ಹಿಂದೆ ಸರಿಸಿದ್ದಕ್ಕೆ ಅದನ್ನು ಟೀಕಿಸಿತ್ತು. ವಿದೇಶದವರನ್ನೇ ದೂರಬೇಕಿಲ್ಲ, 2015ರಲ್ಲಿ ನನ್ನಂಥ ಶಿಕ್ಷಕರು ಬಿಸಿಲಿನಲ್ಲಿ ಮನೆಮನೆ ಸುತ್ತಿ ಮಾಡಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ವರದಿ ಸಚಿವ ಸಂಪುಟದ ಮುಂದೆ ಬಂದದ್ದು 2025ರಲ್ಲಿ, ಅದೇ ವರ್ಷ ಮತ್ತೊಂದು ಸಮೀಕ್ಷೆಗೆ ಶಿಕ್ಷಕರನ್ನು ಕಳಿಸಲಾಯಿತು.

ಫಲಿತಾಂಶವನ್ನು ವಾರ್ಡಿಗೆ ತನ್ನಿ ಎಂದು ನಾನು ಹಟ ಹಿಡಿಯಲು ಇನ್ನೂ ಒಂದು ಕಾರಣವಿದೆ. ನಳ ಬರುವ ಹೊತ್ತನ್ನು ಮೊಬೈಲಿಗೆ ಸಂದೇಶ ಕಳಿಸಿ ತಿಳಿಸುವ ‘ನೆಕ್ಸ್ಟ್‌ಡ್ರಾಪ್’ ಎಂಬ ಸೇವೆ ಹುಬ್ಬಳ್ಳಿಯಲ್ಲೇ ಶುರುವಾದದ್ದು ನಿಮಗೆ ನೆನಪಿರಬಹುದು. ಮುಂದೆ ಅದನ್ನು ಬೆಂಗಳೂರಿನಲ್ಲಿ ಪರೀಕ್ಷಿಸಿ ನೋಡಿದಾಗ ಜನ ಕಾಯುವ ಸಮಯ ಕಡಿಮೆಯಾಗಲಿಲ್ಲವೆಂದು ಕಂಡುಬಂತು. ಇಡೀ ವ್ಯವಸ್ಥೆ ನಿಂತದ್ದು ಓಣಿಗಳಿಗೆ ನೀರು ಬಿಡುವ ವಾಲ್ವ್‌ಮನ್ ಹೊತ್ತಿಗೆ ಸರಿಯಾಗಿ ಮಾಹಿತಿ ಕೊಡುತ್ತಾನೆಂಬ ನಂಬಿಕೆಯ ಮೇಲೆ. ಅದು ಎಷ್ಟೋ ಸಲ ಆಗುತ್ತಿರಲಿಲ್ಲ. ನಮ್ಮ ಓಣಿಯ ಯಾವ ಹೆಣ್ಣುಮಗಳನ್ನು ಕೇಳಿದ್ದರೂ ವಾಲ್ವ್‌ಮನ್ನನ ಪಾಡು ಏನು, ಅವನಿಗೆ ಎಷ್ಟು ವಾಲ್ವುಗಳ ಹೊಣೆ, ಯಾರ ಫೋನಿಗೆ ಅವನು ಮೊದಲು ಓಡುತ್ತಾನೆ ಎಂಬುದನ್ನು ಹೇಳುತ್ತಿದ್ದಳು. ಮೊಬೈಲು ಗಂಡಸರ ಜೇಬಿನಲ್ಲಿ ಅಂಗಡಿಗೆ ಹೋಗಿರುತ್ತದೆ, ಕೊಡ ಹಿಡಿದು ಮನೆಯಲ್ಲಿರುವವಳು ತಾನು ಎಂಬುದನ್ನೂ ಹೇಳುತ್ತಿದ್ದಳು. ಅಧ್ಯಯನ ಮುಗಿದ ಮೇಲೆ ತಿಳಿಯುವುದನ್ನು ಅದಕ್ಕೂ ಮೊದಲೇ ಬಲ್ಲವರು ಓಣಿಯಲ್ಲಿದ್ದಾರೆ. ಅವರ ಮುಂದೆ ಫಲಿತಾಂಶ ಇಟ್ಟರೆ ಯಾವ ಅಂಕಿ ನಿಜ, ಯಾವುದು ಕೆಂಪು ಅಕ್ಷರಕ್ಕೆ ಹೆದರಿ ಒತ್ತಿದ ‘ಒಂದು’ ಎಂಬುದು ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ.

ನಿಯಮಗಳನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೆಯ ಪ್ರಕರಣವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ: ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಪ್ರಕಟಿಸಬೇಕು, ಆಡಳಿತಾತ್ಮಕ ತೀರ್ಮಾನಗಳಿಗೆ ಬಾಧಿತರಿಗೆ ಕಾರಣ ತಿಳಿಸಬೇಕು, ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು. ಇವೆಲ್ಲ ಯಾರೂ ಅರ್ಜಿ ಹಾಕದೆಯೇ ಆಗಬೇಕಾದ ಕೆಲಸಗಳು. ರಾಜ್ಯಕ್ಕೆ 2011ರಿಂದ ತನ್ನದೇ ಮೌಲ್ಯಮಾಪನ ಪ್ರಾಧಿಕಾರವಿದೆ. ಪಾಲಿಕೆಗಳ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಜಾಗವಿದೆ. ಇಲ್ಲದಿರುವುದು ಇವೆರಡನ್ನು ಒಂದು ಮೇಜಿಗೆ ಕರೆಯುವ ಒಬ್ಬ ಜನಪ್ರತಿನಿಧಿ ಮಾತ್ರ.

ಆದ್ದರಿಂದ ಮತ್ತೊಮ್ಮೆ, ಗಣಿತದ ಶಿಕ್ಷಕಿಗೆ ಸೂತ್ರವನ್ನು ಮತ್ತೆ ಮತ್ತೆ ಬರೆಸುವ ಚಾಳಿ ಇರುವುದರಿಂದ ಕ್ಷಮಿಸಿ: ನಮ್ಮ ನಗರದ ನೀರಿನ ಬಗ್ಗೆ ನಡೆದ ಅಧ್ಯಯನಗಳ ಫಲಿತಾಂಶ ಕನ್ನಡದಲ್ಲಿ ವಾರ್ಡ್ ಸಭೆಯ ಮುಂದೆ ಬರಬೇಕು. ಪ್ರಶ್ನಾವಳಿಯೂ ಜೊತೆಗೆ ಬರಬೇಕು, ಏಕೆಂದರೆ ಸೊನ್ನೆಯನ್ನು ಒಪ್ಪದ ಪ್ರಶ್ನಾವಳಿಯಿಂದ ಹುಟ್ಟಿದ ಸರಾಸರಿಯನ್ನು ನಾನು ಒಪ್ಪಲಾರೆ. ಯಾವುದನ್ನು ಪಾಲಿಸಲಾಯಿತು, ಯಾವುದನ್ನು ಬಿಡಲಾಯಿತು, ಏಕೆ ಎಂಬುದು ಅಧಿಕಾರಿಗಳ ಸಹಿಯೊಂದಿಗೆ ಬರಬೇಕು. ಇವು ಬರುವವರೆಗೆ ಮುಂದಿನ ಸಮೀಕ್ಷೆಯವರಿಗೆ ನಾನಂತೂ ಉತ್ತರ ಕೊಡುವುದಿಲ್ಲ. ಕುಡಿಯಲು ನೀರು ಕೇಳಿದರೆ, ಮನೆಯಲ್ಲಿ ಇದ್ದರೆ, ಕೊಡುತ್ತೇನೆ.

ಸಭೆಗೆ ಜಾಗ ಹುಡುಕುವ ತೊಂದರೆ ನಿಮಗಿಲ್ಲ. ನಮ್ಮ ಓಣಿಯ ಸರ್ಕಾರಿ ಶಾಲೆಯ ಕೋಣೆ ಸಂಜೆ ಖಾಲಿ ಇರುತ್ತದೆ; ಮುಖ್ಯೋಪಾಧ್ಯಾಯರನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ. ಇಂಗ್ಲಿಷ್ ವರದಿಯ ಪ್ರತಿ ಕೊಟ್ಟರೆ ಅದರ ಸಾರಾಂಶವನ್ನು ಕನ್ನಡಕ್ಕೆ ತರಲು ನಾನೂ ಇನ್ನಿಬ್ಬರು ನಿವೃತ್ತ ಶಿಕ್ಷಕರೂ ಸಂಭಾವನೆ ಇಲ್ಲದೆ ಕೂರುತ್ತೇವೆ. ಮಾಹಿತಿ ಅರ್ಜಿಗೆ ಕಾಯ್ದೆ ಕೊಟ್ಟಿರುವ ಅವಧಿ ಮೂವತ್ತು ದಿನ. ಈ ಪತ್ರಕ್ಕೂ ಅಷ್ಟೇ ದಿನದೊಳಗೆ, ದಯವಿಟ್ಟು ಬರವಣಿಗೆಯಲ್ಲಿ, ಉತ್ತರ ಕಳಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ, ಹುಬ್ಬಳ್ಳಿ