ಅಪ್ಪನ ಫ್ಲೆಕ್ಸ್ ಕಟ್ಟಿ ಮಗನನ್ನು ಅಖಾಡಕ್ಕೆ ಕರೆಯಬೇಡಿ

ಮಾನ್ಯ ಸಂಪಾದಕರೇ,

ದೀಪಾವಳಿ ಮುಗಿಯುತ್ತಿದ್ದಂತೆ ಶಿಕಾರಿಪುರ, ಸೊರಬ ಕಡೆ ಹೋರಿ ಹಬ್ಬ ಶುರುವಾಗುತ್ತದೆ. ಚಿಕ್ಕಂದಿನಿಂದ ನೋಡಿಕೊಂಡು ಬಂದವನು ನಾನು. ಜೂಲ ಹೊದ್ದು, ಬಲೂನು, ಕೊಬ್ಬರಿ ಮಾಲೆ ಕಟ್ಟಿಕೊಂಡ ಹೋರಿ ಅಖಾಡಕ್ಕೆ ನುಗ್ಗಿದರೆ ಈಗಲೂ ಮೈ ಜುಂ ಅನ್ನುತ್ತದೆ. ಹಬ್ಬ ನಿಲ್ಲಿಸಿ ಅಂತ ಈ ಪತ್ರ ಬರೆಯುತ್ತಿಲ್ಲ.

ತಂಗಿಯ ಗಂಡ, ನಮ್ಮ ಭಾವ, ಓಡುವ ಹೋರಿಯ ಕೊರಳಿನ ಕೊಬ್ಬರಿ ಹರಿಯುವುದರಲ್ಲಿ ಹೆಸರು ಮಾಡಿದವರು. ನಾಲ್ಕು ವರ್ಷದ ಹಿಂದೆ ಹೋರಿ ಎದೆಗೆ ಗುದ್ದಿ, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡರು. ಮಗ ಈಗ ಒಂಬತ್ತನೇ ಕ್ಲಾಸು. ಮೊನ್ನೆ ತಂಗಿ ಮನೆಗೆ ಹೋದಾಗ ಹುಡುಗ ಹಿತ್ತಿಲಲ್ಲಿದ್ದ. ಕರುವಿನ ಕೊರಳಿಗೆ ಎರಡು ಗಿಟುಕು ಕೊಬ್ಬರಿ ಪೋಣಿಸಿ ಕಟ್ಟಿ, ಅದನ್ನು ಓಡಿಸಿ, ಹಿಂದೆಯೇ ಹಾರಿ ಕಿತ್ತುಕೊಳ್ಳುತ್ತಿದ್ದ. ಸೊಂಟದಲ್ಲಿ ಅಪ್ಪನ ಕೆಂಪು ಟವೆಲ್. ತಂಗಿ ಅದನ್ನು ಟ್ರಂಕಿನ ತಳದಲ್ಲಿ ಮುಚ್ಚಿಟ್ಟಿದ್ದಳು. ಅವಳು ಬೈಯಲಿಲ್ಲ. ಬಾಗಿಲಿಗೆ ಒರಗಿ ನಿಂತು, "ಥೇಟ್ ಅವರದ್ದೇ ಓಟ ಅಲ್ವಾ ಅಣ್ಣಾ" ಅಂದಳು.

ಹುಡುಗನ ಆಸೆ ತಪ್ಪಲ್ಲ. ಅಪ್ಪ ಅಂದರೆ ಅವನಿಗೆ ನೆನಪಾಗುವುದೇ ಹೋರಿ. ನನಗೆ ಸಿಟ್ಟು ದೊಡ್ಡವರ ಮೇಲೆ. ಕಳೆದ ವರ್ಷದ ಹಬ್ಬದಲ್ಲಿ ಭಾವನ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿದ್ದರು. ಮೈಕಿನಲ್ಲಿ ಹುಡುಗನ ಹೆಸರು ಕೂಗಿ, "ಹುಲಿ ಹೊಟ್ಟೇಲಿ ಹುಟ್ಟಿದ್ದು ಹುಲಿನೇ, ಅಪ್ಪನ ಹೆಸರು ಉಳಿಸಬೇಕು" ಅಂದರು. ಜನ ಶಿಳ್ಳೆ ಹೊಡೆದರು. ಹದಿಮೂರು ವರ್ಷದ ಮಗು ಅಷ್ಟು ಜನರೆದುರು ನಂಗೆ ಬೇಡ ಅನ್ನೋಕೆ ಆಗುತ್ತಾ?

ಉತ್ತರ ಐರ್ಲೆಂಡಿನ ಬೈಕ್ ರೇಸಿನ ಡನ್ಲಪ್ ಮನೆಯವರ ಕಥೆ ಕೆಲವರಿಗೆ ಗೊತ್ತಿರಬಹುದು. ರಾಬರ್ಟ್ ಡನ್ಲಪ್ 2008ರ ಮೇನಲ್ಲಿ ನಾರ್ತ್ ವೆಸ್ಟ್ 200 ಅನ್ನುವ ರೇಸಿನ ಪ್ರಾಕ್ಟೀಸಿನಲ್ಲಿ ಬಿದ್ದು ತೀರಿಕೊಂಡ. ಎರಡೇ ದಿನಕ್ಕೆ ಮಗ ಮೈಕಲ್ ಅಲ್ಲೇ ರೇಸ್ ಗೆದ್ದ. 2024ರಲ್ಲಿ ಐಲ್ ಆಫ್ ಮ್ಯಾನ್ ಟಿಟಿ ಅನ್ನುವ ಬೈಕ್ ರೇಸಿನಲ್ಲಿ ದೊಡ್ಡಪ್ಪ ಜೋಯಿಯ 26 ಗೆಲುವಿನ ದಾಖಲೆಯನ್ನೂ ಮುರಿದ. ಹೇಳುವವರು ಇಷ್ಟನ್ನೇ ಜಾಸ್ತಿ ಹೇಳುತ್ತಾರೆ. ಜೋಯಿ 2000ದಲ್ಲೇ ರೇಸಿನಲ್ಲಿ ಸತ್ತಿದ್ದ. ಮೈಕಲ್‌ನ ಅಣ್ಣ ವಿಲಿಯಂ 2018ರಲ್ಲಿ ಪ್ರಾಕ್ಟೀಸಿನಲ್ಲೇ ಹೋದ. ಇವರೆಲ್ಲ ಹೆಲ್ಮೆಟ್ ಹಾಕಿದ, ವಯಸ್ಸಿಗೆ ಬಂದ ಗಂಡಸರು. ನಮ್ಮ ಹುಡುಗರದ್ದು ಬರಿಗಾಲು, ಬರಿ ಎದೆ.

ಜಲ್ಲಿಕಟ್ಟು, ಕಂಬಳದ ಕೇಸು 2023ರ ಮೇವರೆಗೂ ಸುಪ್ರೀಂ ಕೋರ್ಟಿನಲ್ಲಿತ್ತು. ದನಕ್ಕೆ ನೋವಾಗುತ್ತದಾ ಅಂತ ಬೇಕಾದಷ್ಟು ವಾದ ಆಯಿತು, ಆಗಬೇಕಾದದ್ದೇ. ಹುಡುಗರ ವಯಸ್ಸಿನ ಮಾತು ಮಾತ್ರ ನಮ್ಮೂರ ಕಮಿಟಿಯಲ್ಲಿ ಒಮ್ಮೆಯೂ ಬಂದಿಲ್ಲ. 18 ತುಂಬದವರನ್ನು ದಯವಿಟ್ಟು ಬೇಲಿ ಒಳಗೆ ಬಿಡಬೇಡಿ. ಅಖಾಡದ ಪಕ್ಕ ಆಂಬುಲೆನ್ಸ್ ನಿಲ್ಲಿಸಿ. ತೀರಿಹೋದವರ ಮಕ್ಕಳನ್ನು ಮೈಕಿನಲ್ಲಿ ಕೂಗಬೇಡಿ. ದೊಡ್ಡವನಾದ ಮೇಲೆ ಅವನೇ ಇಳಿಯುತ್ತೇನೆ ಅಂದರೆ ಅದು ಬೇರೆ ಮಾತು, ಆಗ ಅವನಿಗೆ ಕಲಿಸಲು ನಾನೇ ಜನ ಹುಡುಕುತ್ತೇನೆ.

ಈ ಸಲವೂ ಫೋಟೊ ಕೇಳಿಕೊಂಡು ತಂಗಿ ಮನೆಗೆ ಬಂದಿದ್ದರು. ಕೊಡುವುದಿಲ್ಲ ಅಂದಿದ್ದಾಳೆ. ಊರಿನವರು ಅದಕ್ಕೆ ಅವಳ ಮೇಲೆ ಬೇಜಾರು ಮಾಡಿಕೊಳ್ಳಬಾರದು ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಓದುಗ, ಶಿಕಾರಿಪುರ ತಾಲ್ಲೂಕು